ಗಂಜಿ ಕೇಳಲು ಬಂದವಳು

ಕಂಬೈನಲ್ಲೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಯಾರ ಹಗೇವಿನಲ್ಲಿ ಎಷ್ಟು ರಾಗಿ ಇದೆ ಎನ್ನುವುದರ ಮೇಲೆ ಅವರ ಮಾತಿಗೆ ಬೆಲೆ ಇರುತ್ತಿತ್ತು. ನೆಲದೊಳಗಿನ ಆ ಕಣಜದ ಬಾಯಿ ತೆಗೆಸುವ ದಿನ ನಮ್ಮಪ್ಪ ಬೇಕೆಂದೇ ನಾಲ್ಕು ಜನರನ್ನು ಕರೆದು ನಿಲ್ಲಿಸಿಕೊಳ್ಳುತ್ತಿದ್ದರು. ಮದುವೆಯಾಗಿ ಸೇಲಂಗೆ ಬಂದ ಮೊದಲ ವಾರವೇ ನನಗೆ ಗೊತ್ತಾಯಿತು, ಇಲ್ಲಿ ಅದೇ ರಾಗಿಯನ್ನು ಕದ್ದ ಮಾಲಿನಂತೆ ಬಚ್ಚಿಡಬೇಕು ಎಂದು.

ಆಗ ಮೆಟ್ಟೂರಿನ ಅಣೆಕಟ್ಟು ಮುಗಿದ ಹೊಸತು. ನನಗೆ ಹದಿನಾರು. ಗಂಡ ಒಂದು ಕಚೇರಿಯಲ್ಲಿ ಗುಮಾಸ್ತರು. ಕೋಟು, ಟೋಪಿ ಹಾಕಿಕೊಂಡು ಹೊರಡುತ್ತಿದ್ದರು. ಆ ಕೋಟಿನ ಮರ್ಯಾದೆ ಕಾಯುವುದೇ ಅತ್ತೆಯ ಕೆಲಸ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಒಳಗೆ ನಾವು ಹಿಟ್ಟು ಎನ್ನುವ ರಾಗಿ ಮುದ್ದೆ, ಹೊರಗಿನವರ ಕಣ್ಣಿಗೆ ಅನ್ನ. ಕಾಗೆಗೆಂದು ಅತ್ತೆ ದಿನವೂ ಒಂದು ಹಿಡಿ ಅನ್ನವನ್ನು ಬೀದಿಗೆ ಕಾಣುವಂತೆ ಜಗಲಿಯ ತುದಿಯಲ್ಲಿ ಇಡುತ್ತಿದ್ದರು. ಆ ಹಿಡಿ ಅನ್ನಕ್ಕಾಗಿಯೇ ಒಂದು ಪುಟ್ಟ ಕುಡಿಕೆಯಲ್ಲಿ ಅಕ್ಕಿ ಬೇಯುತ್ತಿತ್ತು. ನಮಗೆ ಅದರಲ್ಲಿ ಒಂದು ಅಗುಳೂ ಇಲ್ಲ. ಕಾಗೆಯನ್ನು ಕಂಡು ಹೊಟ್ಟೆಕಿಚ್ಚು ಪಟ್ಟ ಸೊಸೆ ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ನಾನು ಹಿಟ್ಟು ತಿರುವುವಾಗ ಹೊರಗೆ ಹೆಜ್ಜೆ ಸದ್ದಾದರೆ ಸಾಕು, "ಲೇ, ಕೋಲು ನಿಲ್ಸು!" ಎಂದು ಅತ್ತೆ ಪಿಸುಗುಟ್ಟುತ್ತಿದ್ದರು. ಕೋಲಿನ ಸದ್ದೇ ಮುದ್ದೆಯ ಗುಟ್ಟು ಹೇಳಿಬಿಡುತ್ತದಲ್ಲ. ನಿಲ್ಲಿಸಿದರೆ ಹಿಟ್ಟು ಗಂಟು ಕಟ್ಟುತ್ತದೆ. ಗಂಟು ಕಟ್ಟಿದರೆ ಅದಕ್ಕೂ ನನಗೇ ಬೈಗುಳ. ಕಿವಿಯೆಲ್ಲ ಬೀದಿಯಲ್ಲಿ, ಕೈ ಒಲೆಯ ಮೇಲೆ. ಆ ಮನೆಯಲ್ಲಿ ಒಂದು ಗಳಿಗೆ ನೆಮ್ಮದಿಯಾಗಿ ಕೂತ ನೆನಪಿಲ್ಲ.

ಪಕ್ಕದ ಮನೆಯವರು ನೇಕಾರರು, ನಮ್ಮಂತೆಯೇ ಕನ್ನಡ ಆಡುವವರು. ಧಣಿ ಕೊಟ್ಟ ನೂಲನ್ನು ಕೂಲಿಗೆ ನೇಯಲು ಗಂಡ ಮಗ್ಗದಲ್ಲಿ ಕೂತರೆ ಉಳಿದ ಕೆಲಸವೆಲ್ಲ ಹೆಂಡತಿಯದು. ಬೆಳಗಿನ ಹೊತ್ತು ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದದ ಎಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಗಂಜಿ ಕುಡಿದ ಎಳೆ ಮಗ್ಗದಲ್ಲಿ ಬೇಗ ಕಡಿಯುವುದಿಲ್ಲ. ಅದಕ್ಕೆಂದು ಆ ಹೆಂಗಸು ಹಿಂದಿನ ದಿನವೇ ಮಡಕೆ ಹಿಡಿದು, ಅನ್ನ ಬಸಿದ ಗಂಜಿಯನ್ನು ಮನೆ ಮನೆಯಲ್ಲಿ ಕೇಳಿ ಒಟ್ಟು ಮಾಡುತ್ತಿದ್ದಳು.

ಒಂದು ದಿನ ನಮ್ಮ ಬಾಗಿಲಿಗೂ ಬಂದಳು.

"ಅಕ್ಕಾ, ಮದ್ವೆ ಮನೇದು, ಬಿಳೀ ಪಂಚೆ. ಬಣ್ಣದ್ ನೂಲಾಗಿದ್ರೆ ಏನಾದ್ರೂ ನಡೀತಿತ್ತು, ಇದ್ಕೆ ಅನ್ನದ್ ಗಂಜಿನೇ ಆಗ್ಬೇಕು. ನಿಮ್ಮನೇಲಿ ಬಸ್ದಿದ್ದು ಐತಾ?"

"ನಿರೈಯ ಇರುಕ್ಕಮ್ಮಾ," ಎಂದರು ಅತ್ತೆ, ಎದುರು ಮನೆಗೂ ಕೇಳುವಂತೆ. ಬೇಕಾದಷ್ಟು ಇದೆಯಂತೆ! ಸಂಜೆಗೆ ಬಾ ಎಂದು ಕಳಿಸಿ ಒಳಗೆ ಬಂದವರ ಮುಖ ಬಿಳಿಚಿಕೊಂಡಿತ್ತು. ಕಾಗೆಯ ಕುಡಿಕೆಯಲ್ಲಿ ಸಿಕ್ಕುವ ಗಂಜಿ ಎರಡು ಸೌಟೂ ಇಲ್ಲ.

"ರಾಗಿ ನೆನಾಕಿ ಆಲು ಇಂಡು," ಎಂದರು. "ಮಕ್ಳಿಗೆ ಮಾಡ್ತಾರಲ್ಲ, ಅಂಗೆ. ಮೂರ್ ಸಲ ಸೋಸಿದ್ರೆ ಬೆಳ್ಳಗೇ ಇರ್ತೈತೆ."

"ಕಾಯ್ಸಿದ್ರೆ ಕೆಂಪಾಯ್ತೈತೆ ಅತ್ತೆ."

"ಬಾಯ್ಮುಚ್ಕಂಡು ಇಂಡು."

ಹಿಂಡಿ, ಸೋಸಿ, ಕಾಯಿಸಿದೆ. ಬೇಡ ಎನ್ನಲು ಧೈರ್ಯವಿರಲಿಲ್ಲ ಎಂದರೆ ಅರ್ಧ ಮಾತ್ರ ನಿಜ. ಆ ಬೀದಿಯಲ್ಲಿ ಹಳ್ಳಿಗುಗ್ಗು ಎನ್ನಿಸಿಕೊಳ್ಳಲು ನನಗೂ ಇಷ್ಟವಿರಲಿಲ್ಲ. ಸಂಜೆ ಮಬ್ಬಿನಲ್ಲಿ ಅವಳು ಬಂದು ನಮ್ಮ ಗಂಜಿಯನ್ನು ಬೇರೆ ಮನೆಗಳ ಗಂಜಿಯ ಜೊತೆ ಸುರಿದುಕೊಂಡು, "ನಿಮ್ ಒಟ್ಟೆ ತಣ್ಣಗಿರ್ಲಿ" ಎಂದು ಹೋದಳು.

ಮರುದಿನ ಬೆಳಿಗ್ಗೆ ನಾನು ಒಂದೇ ರಂಗೋಲಿಯನ್ನು ಎರಡು ಸಲ ಹಾಕಿದೆ. ನೀರು ತರಲು ಹೋಗಿ ಬರಿಗೊಡ ಹೊತ್ತು ಬಂದೆ. ಬಿಸಿಲು ಏರಿ ನೂಲು ಒಣಗಿದಂತೆಲ್ಲ ಬಿಳಿ ಹಾಸಿನ ಮೇಲೆ ಕಂದು ಮಚ್ಚೆಗಳು ಎದ್ದವು. ಅವಳ ಗಂಡ ಒಳಗೆ ಹೋಗಿಬಿಟ್ಟ. ಅವಳು ಯಾರನ್ನೂ ಬೈಯಲಿಲ್ಲ. ಎಲ್ಲ ತನ್ನ ಮಡಕೆಯ ಕೊಳೆ ಎಂದುಕೊಂಡು, ಬೂದಿ ಹಾಕಿ ಅದನ್ನು ತಿಕ್ಕುತ್ತ ಕೂತಳು. "ದಣಿಗೆ ಏನಂತ ಏಳ್ಲಿ? ಇನ್ನು ನಮ್ಗೆ ನೂಲು ಕೊಡ್ತಾರಾ?" ಎಂದು ಮಡಕೆಗೇ ಹೇಳುತ್ತಿದ್ದಳು.

ನಾನು ಒಳಗೆ ಹೋದೆ, ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಆ ತಿಕ್ಕುವ ಸದ್ದು ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ತಡೆಯಲಾರದೆ ನಡುಬೀದಿಗೆ ಇಳಿದು, ಕನ್ನಡದಲ್ಲೇ ಕೂಗಿ ಹೇಳಿದೆ: "ಮಡಕೆ ಬಿಡಕ್ಕಾ. ನಮ್ಮನೆ ಗಂಜಿ ಅಕ್ಕೀದಲ್ಲ, ರಾಗೀದು. ನಾನೇ ಇಂಡಿದ್ದು."

ನಮ್ಮ ಬಾಗಿಲ ಹಿಂದೆ ಅತ್ತೆಯ ಬಳೆ ಸದ್ದಾಯಿತು. ನೇಕಾರರ ಹೆಂಗಸು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಇಲ್ಲ ಅಂದಿದ್ರೆ ಮುಂದಿನ್ ಮನೆಗೆ ಓಗ್ತಿದ್ದೆ ಕಣವ್ವಾ," ಎಂದಳು. "ನಮ್ಮನೇಲಿ ಅನ್ನ ಬೇಯ್ತಿದ್ರೆ ನಾನ್ಯಾಕೆ ಮಡ್ಕೆ ಇಡ್ಕಂಡು ಬಾಗ್ಲು ಬಾಗ್ಲು ತಿರುಗ್ಲಿ? ನಾವೂ ಇಟ್ಟು ತಿನ್ನೋರೇ."

ಇಷ್ಟು ಸರಳ ಲೆಕ್ಕ ನನಗಾಗಲಿ ಅತ್ತೆಗಾಗಲಿ ಹೊಳೆದಿರಲಿಲ್ಲ. ಮಡಕೆ ಹಿಡಿದು ನಮ್ಮ ಬಾಗಿಲಿಗೆ ಬಂದಾಗಲೇ ಅವಳು ತನ್ನ ಮನೆಯ ಊಟವನ್ನು ಹೇಳಿಬಿಟ್ಟಿದ್ದಳು. ನಾವು ನಮ್ಮ ಒಲೆ ಮುಚ್ಚಿಡುವ ಗಡಿಬಿಡಿಯಲ್ಲಿ ಅದನ್ನು ಕೇಳಿಸಿಕೊಳ್ಳಲಿಲ್ಲ.

ಆ ನೂಲಿಗೆ ಬಣ್ಣ ಹಾಕಿಸಿ ಸೀರೆ ನೇಯ್ದರಂತೆ. ಬಿಳಿ ನೂಲು ಮಾತ್ರ ಆ ವರ್ಷವೆಲ್ಲ ಅವರ ಮನೆಗೆ ಬರಲಿಲ್ಲ. ಅಪ್ಪ ತೊಪ್ಪೂರು ಘಾಟಿ ಇಳಿಯುವ ಮೋಟಾರಿನಲ್ಲಿ ತಂದ ರಾಗಿಯಲ್ಲಿ ಒಂದು ಮೊರ ಅವಳಿಗೆ ಕೊಡಲು ಹೋದೆ. "ನಮ್ಮನೇಲಿ ಐತೆ," ಎಂದಳು, ಅಷ್ಟೇ.

ಆಮೇಲೂ ಅವಳು ಬಣ್ಣದ ನೂಲಿಗೆ ಹಚ್ಚುವ ಗಂಜಿಗೆಂದು ದಿನಾ ಮಡಕೆ ಹಿಡಿದು ಬರುತ್ತಿದ್ದಳು. ನಮ್ಮ ಮನೆ ಬಂದಾಗ ನಡಿಗೆ ನಿಧಾನ ಮಾಡದೆ ಮುಂದಿನ ಮನೆಗೆ ಹೋಗುತ್ತಿದ್ದಳು. ಅತ್ತೆ ಜಗಲಿಯಲ್ಲಿ ಕಾಗೆಗೆ ಅನ್ನ ಇಡುತ್ತ, ಎದುರು ಮನೆಗೂ ಕೇಳುವಂತೆ ತಮಿಳಿನಲ್ಲಿ, ಇವತ್ತು ಗಂಜಿ ಮುಗಿದುಹೋಯಿತಮ್ಮಾ ಎಂದು ಹೇಳುತ್ತಿದ್ದರು. ಗಂಜಿ ಕೊಡಿ ಎಂದು ಯಾರೂ ಕೇಳಿರುತ್ತಿರಲಿಲ್ಲ.