ನೈರುತ್ಯದ ಕಂಬಕ್ಕೆ ಹದಿನೆಂಟು ಅಡಿ

ಅಂದು ಬೆಳಿಗ್ಗೆ ನಳದ ನೀರು ತುಂಬಿದೆ, ರೊಟ್ಟಿ ಬಡಿದೆ, ಅತ್ತೆಯವರ ಕಣ್ಣಿಗೆ ಔಷಧ ಹಾಕಿದೆ, ಅಂಗಳದಲ್ಲಿ ಹರವಿದ್ದ ಮೆಣಸಿನಕಾಯಿ ತಿರುವಿದೆ. ಊಟದ ಪಾತ್ರೆ ತೊಳೆದಿಟ್ಟು ಅಂದಾಜು ಪಟ್ಟಿ ಬರೆಯಲು ಕುಳಿತೆ. ಇಂಥ ದಿನವೂ ವಿಚಿತ್ರ ನಡೆಯುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅಂಥ ಕಥೆ ನಂಬಿದವಳಲ್ಲ ನಾನು.

ನಮ್ಮ ಯಜಮಾನರು ಬಸವನ ಬಾಗೇವಾಡಿಯಲ್ಲಿ ಕಟ್ಟಡದ ಗುತ್ತಿಗೆದಾರರು. ನಕ್ಷೆ ನೋಡಿ ಅಳತೆ, ಸಾಮಾನು, ಕೂಲಿಯ ಅಂದಾಜು ಬರೆಯುವುದು ನನ್ನ ಕೆಲಸ. ಆ ಸಲ ಇಂಡಿಯಲ್ಲಿ ಅಂಗಡಿಗಳ ಕಟ್ಟಡ, ಹನ್ನೆರಡು ಕಂಬ. ಮರುದಿನ ಮುಚ್ಚಿದ ಲಕೋಟೆಯಲ್ಲಿ ದರ ಕೊಡಬೇಕಿತ್ತು. ಸಿಂದಗಿ, ಮುದ್ದೇಬಿಹಾಳದ ಎರಡು ಕೆಲಸ ಆಗಲೇ ಕೈತಪ್ಪಿದ್ದವು. ಇದೂ ಹೋದರೆ ನಮ್ಮ ಹಳೆಯ ಮೇಸ್ತ್ರಿ, ಹೂವಿನ ಹಿಪ್ಪರಗಿಯ ರಾಜಾಸಾಬ, ಬೇರೆಯವರ ಕಡೆ ಹೋಗುವುದು ಖಚಿತವಿತ್ತು.

ಪೂಜೆಯ ಗುದ್ದಲಿ ಬೀಳುವ ಈಶಾನ್ಯ ಮೂಲೆಯಲ್ಲೇ ಒಂದು ಗುಂಡಿ ತೋಡಿ, ಅಲ್ಲಿಯ ಮಣ್ಣು ನೋಡಿ, ಇಡೀ ಜಾಗಕ್ಕೆ ಅದೇ ಲೆಕ್ಕ ಹಿಡಿಯುವುದು ನಮ್ಮವರ ರೂಢಿ. ಅಲ್ಲಿ ಏಳು ಅಡಿಗೆ ಕಂಬ ನಿಲ್ಲುವಂಥ ಗಟ್ಟಿ ಗರಸು ನೆಲ ಸಿಕ್ಕಿತ್ತು. ನಾನಂತೂ ಆ ಜಾಗ ಕಂಡವಳೇ ಅಲ್ಲ.

ಬರೆದದ್ದನ್ನು ಓದುತ್ತ ಯಜಮಾನರು ಹುಬ್ಬೇರಿಸಿದರು. ಹನ್ನೊಂದು ಕಂಬಗಳ ಗುಂಡಿ ಏಳು ಅಡಿ. ನೈರುತ್ಯದ್ದು ಮಾತ್ರ ಹದಿನೆಂಟು. ಅಕ್ಷರ ನನ್ನದೇ. ಬರೆದ ನೆನಪಿಲ್ಲ.

“ಇದೇನ, ಬಾಂವಿ ತೋಡಾಕತ್ತೀಯೇನ?” ಎಂದರು.

ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ರಾಜಾಸಾಬ ನಕ್ಕ. “ಅಕ್ಕಾರು ಅಂಗಡಿ ಜೋಡಿ ನೀರೂ ಕೊಡಾಕತ್ತಾರ್ರಿ!”

ಹೊಸ ಹಾಳೆಯಲ್ಲಿ ಎಚ್ಚರದಿಂದ ಬರೆದೆ. ಏಳು ಎಂದೇ ಬರೆಯುತ್ತಿದ್ದೇನೆ ಅಂದುಕೊಂಡಿದ್ದೆ. ಕೈ ಎತ್ತಿ ನೋಡಿದರೆ ಮತ್ತೆ ಹದಿನೆಂಟು.

“ಇದು ಹಿಂಗ ಇರ್ಲಿರಿ. ಏಳು ಅಂತ ಕಳಸಾಕ ನನಗ ಆಗೂದಿಲ್ಲ.”

“ಹಂಗಾದ್ರ ಕೆಲಸ ಹೋತಂತ ತಿಳ್ಕೋ,” ಎಂದರು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ತಿದ್ದದೆ ಒಟ್ಟು ದರ ಬೇರೆ ಹಾಳೆಗಿಳಿಸಿ ಲಕೋಟೆ ಅಂಟಿಸಿದರು.

ಕೆಲಸ ಹೋಯಿತು, ಅದೂ ಆ ಒಂದು ಗುಂಡಿಯ ಖರ್ಚಿನಷ್ಟೇ ಅಂತರದಲ್ಲಿ. ರಾಜಾಸಾಬ ಆಳುಗಳನ್ನು ಕಟ್ಟಿಕೊಂಡು ಗೆದ್ದವರ ಕಡೆಗೇ ಹೋದ. ಯಜಮಾನರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ತಿಂಗಳ ಮೇಲೆ ಒಂದು ಸಂಜೆ ರಾಜಾಸಾಬ ಬಂದ. ಕುಳಿತುಕೊಳ್ಳಲೂ ಇಲ್ಲ. ನೈರುತ್ಯದ ಗುಂಡಿಯಲ್ಲೂ ಏಳು ಅಡಿಗೆ ಗರಸು ಬಂದಿತ್ತಂತೆ. ಕಾಂಕ್ರೀಟ್ ಹಾಕುವ ಮುನ್ನ ನನ್ನ ಪಟ್ಟಿ ನೆನಪಾಗಿ, ಆಳುಗಳನ್ನೆಲ್ಲ ಮೇಲೆ ಹತ್ತಿಸಿ, ದಂಡೆಯಿಂದಲೇ ಹಾರೆ ಎತ್ತಿ ತಳಕ್ಕೆ ಒಗೆದನಂತೆ. ತಳ ಕುಸಿಯಿತು. ಕೆಳಗೆ ಹಿಂದಿನವರು ಜೋಳ ತುಂಬುತ್ತಿದ್ದ ಹಗೇವು. ಹಗ್ಗಕ್ಕೆ ಕಟ್ಟಿ ಇಳಿಸಿದ ಕಂದೀಲು ಆರಿಹೋಯಿತಂತೆ. ಯಾರಾದರೂ ಬಿದ್ದಿದ್ದರೆ ಉಸಿರಾಡಲು ಅಲ್ಲಿ ಗಾಳಿಯೇ ಇರಲಿಲ್ಲ.

“ಮ್ಯಾಲಿನ ನೆಲದಿಂದ ಹಗೇವಿನ ತಳಕ್ಕ ಹಗ್ಗ ಬಿಟ್ಟು ಅಳದೇವ್ರಿ ಅಕ್ಕಾರ. ಬರೋಬ್ಬರಿ ಹದಿನೆಂಟ ಅಡಿ. ಜಾಗದ ಮಾಲಕರಿಗೂ ಗೊತ್ತಿಲ್ಲ. ನಿಮಗ್ಯಾರ್ರಿ ಹೇಳಿದವರು?”

“ಯಾರೂ ಇಲ್ಲೋ ತಮ್ಮಾ,” ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ನೀವೂ ನಂಬದಿದ್ದರೆ ನನಗೆ ಬೇಸರವಿಲ್ಲ. ಆ ಎರಡು ಹಾಳೆ ಟ್ರಂಕಿನಲ್ಲಿವೆ. ಆಗಾಗ ತೆಗೆದು ನೋಡುತ್ತೇನೆ, ಏನೂ ತಿಳಿಯುವುದಿಲ್ಲ.

ಅಂದು ರಾತ್ರಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ರಾಜಾಸಾಬ ನಮ್ಮಲ್ಲೇ ಉಂಡ. ಯಜಮಾನರು ಎದ್ದು ತಾವೇ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಪಡಸಾಲೆಯಲ್ಲಿ ಚಾಪೆ ಹಾಸಿಕೊಟ್ಟೆ. ಎಲ್ಲರಿಗಿಂತ ಮೊದಲು ನಿದ್ದೆ ಹೋದವನು ಅವನೇ.