ಕಲೆ ಇಲ್ಲದ ತೋಳು

೧೯೫೧ನೇ ಇಸವಿ. ನಮ್ಮ ಬಳ್ಳಾರಿ ಜಿಲ್ಲೆ ಆಗಿನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ನನಗೆ ಹದಿನೇಳು ವರ್ಷ. ಸಿರುಗುಪ್ಪದ ಗಂಡಿನ ಕಡೆಯವರು ಕುರುಗೋಡಿನ ನಮ್ಮ ಮನೆಗೆ ಬಂದು, ನನಗೆ ಉಡಿ ತುಂಬಿ, ಸಕ್ಕರೆ ಹಂಚಿ ಹೋಗಿದ್ದರು. ಲಗ್ನಕ್ಕೆ ಎರಡು ತಿಂಗಳಿತ್ತು. ಸರಿಯಾಗಿ ಆ ಹೊತ್ತಿಗೆ ಊರಿಗೆ ಒಂದು ಜೀಪು ಬಂತು.

ಬಂದವರು ಕ್ಷಯರೋಗ ಬರದಂತೆ ಸೂಜಿ ಹಾಕುವವರು. ಬಿ.ಸಿ.ಜಿ. ಅಂತ ಆ ಸೂಜಿಯ ಹೆಸರು. ತಂಡಕ್ಕೆ ಹಿರಿಯರು ಒಬ್ಬ ಡಾಕ್ಟರಮ್ಮ, ಮನೆಮಾತು ತೆಲುಗು. ಸಾಲೆಯ ಕಟ್ಟೆಯ ಮೇಲೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಮೊದಲ ದಿನ ಮುಂಗೈಗೆ ಪರೀಕ್ಷೆಯ ಸಣ್ಣ ಸೂಜಿ ಚುಚ್ಚಿದರು. ಮೂರು ದಿನ ಬಿಟ್ಟು ಬಂದು ನೋಡುತ್ತೇವೆ, ಆ ಜಾಗ ಉಬ್ಬದಿದ್ದವರಿಗೆ ಮಾತ್ರ ತೋಳಿಗೆ ನಿಜವಾದ ಸೂಜಿ, ಉಬ್ಬಿದವರಿಗೆ ಬೇಡ ಎಂದರು. ನಿಜವಾದ ಸೂಜಿ ಬಿದ್ದಲ್ಲಿ ಸಣ್ಣ ಹುಣ್ಣಾಗಿ, ಮಾಯ್ದ ಮೇಲೆ ಕಲೆ ಉಳಿಯುತ್ತಿತ್ತು.

ನನ್ನ ಕೈ ಉಬ್ಬಿತು. ಅವ್ವ ಗಾಬರಿಯಾಗಿ ಅರಿಶಿಣ, ಸುಣ್ಣ ಕಲಸಿ ಪಟ್ಟು ಹಾಕಿದಳು. ಇಳಿಯಲಿಲ್ಲ. ಡಾಕ್ಟರಮ್ಮ ಗಾಜಿನಂಥ ಪಟ್ಟಿಯಿಟ್ಟು ಅಳೆದು, ಏನೋ ಬರೆದುಕೊಂಡು, "ನಿನಗೆ ಬೇಡಮ್ಮ, ಹೋಗು" ಎಂದರು. ನಾನು ಮನೆ ಮುಟ್ಟುವುದರೊಳಗೆ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ನಮ್ಮ ಅಪ್ಪನ ತಂಗಿ ಕೆಮ್ಮಿ ಕೆಮ್ಮಿಯೇ ತೀರಿಕೊಂಡಿದ್ದಳು. ಜನಕ್ಕೆ ಅಷ್ಟು ಸಾಕಲ್ಲ. "ಬೆಂಕಿ ಇಲ್ದ ಹೊಗಿ ಆಡತೈತೇನು? ಪಾರವ್ವಗ ರೋಗ ಐತಿ, ಅದಕ್ಕ ಸೂಜಿ ಹಾಕಲಿಲ್ಲ" ಅಂತ ಬಾವಿಕಟ್ಟೆಯಲ್ಲಿ ನನ್ನೆದುರಿಗೇ ಅಂದರು. ಎಂಟು ದಿನಕ್ಕೆ ಸಿರುಗುಪ್ಪದಿಂದ ಹೇಳಿಕೆ ಬಂತು: ಹುಡುಗಿಯ ತೋಳಿನ ಕಲೆ ನೋಡಿದ ಮೇಲೆ ಮುಂದಿನ ಮಾತು.

ಅವ್ವ ಒಂದು ಚೀಲ ಶೇಂಗಾ ಹೊರಿಸಿಕೊಂಡು ನನ್ನನ್ನು ಬಳ್ಳಾರಿಗೆ ಎಳೆದೊಯ್ದಳು. ಡಾಕ್ಟರಮ್ಮ ಇಳಿದುಕೊಂಡಿದ್ದ ಮನೆಯನ್ನು ಕೇಳಿ ಕೇಳಿ ಹುಡುಕಿದೆವು. ಅವ್ವ ಬಾಗಿಲಲ್ಲೇ ಕೈ ಮುಗಿದಳು.

"ಡಾಕ್ಟರಮ್ಮಾರ, ನಿಮ್ಮ ಔಷಧ ಬ್ಯಾಡ. ಬರೇ ನೀರು ತುಂಬಿ ಚುಚ್ಚಿಬಿಡ್ರಿ. ಒಂದು ಕಲೆ ಬಿದ್ರ ಸಾಕು, ನನ್ನ ಮಗಳ ಬಾಳೇವು ಉಳೀತೈತಿ."

ಅವರು ಬೈಯಲಿಲ್ಲ. ನಮ್ಮನ್ನು ಕೂಡಿಸಿ, ನನ್ನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ತಮ್ಮ ರವಿಕೆಯ ತೋಳು ಸರಿಸಿದರು. ಅಲ್ಲಿ ಕಲೆ ಇರಲಿಲ್ಲ.

"ನೋಡು ತಲ್ಲಿ, ನನ್ನ ಕೈಯೂ ಉಬ್ಬಿತ್ತು. ನನಗೂ ಹಾಕಲಿಲ್ಲ. ಆ ರೋಗದ ಹುಳ ಯಾವಾಗಲೋ ಮೈಯೊಳಗೆ ಬಂದಿರುತ್ತೆ, ಮೈ ಅದನ್ನು ಅದುಮಿ ಇಟ್ಟಿರುತ್ತೆ. ಉಬ್ಬೋದು ಅದರ ಗುರುತು. ರೋಗ ಅಂತ ಅಲ್ಲ. ನಿನ್ನ ಎದೆ ಚೊಕ್ಕ ಇದೆ. ಕೆಮ್ಮು, ಜ್ವರ ಹಿಡಿದು ಬಿಡದೇ ಹೋದರೆ ಮಾತ್ರ ಬಾ."

"ಹಂಗಾರ ಒಂದು ಸುಳ್ಳು ಸೂಜಿ ಹಾಕಿದ್ರ ಯಾರಿಗೇನು ನಷ್ಟ?" ಅವ್ವ ಬಿಡಲಿಲ್ಲ.

"ಇದು ನಾನೊಬ್ಬಳು ಮಾಡಿದ ಕಟ್ಟಳೆ ಅಲ್ಲಮ್ಮಾ. ಮೊದಲು ಒಂದೆರಡು ಕಡೆ ಹಾಕಿ ನೋಡಿದರು. ಎಷ್ಟು ಉಬ್ಬಿದರೆ ಹಾಕಬಾರದು, ಎಷ್ಟನೇ ದಿನ ಅಳೀಬೇಕು ಅಂತ ತಿಳಿದೋರು ಕೂತು ಗೊತ್ತು ಮಾಡಿದರು. ಈಗ ದೇಶಕ್ಕೆಲ್ಲ ಒಂದೇ ಅಳತೆ. ನಿಮ್ಮ ಮಗಳ ಕೈಯ ಅಳತೆಯೂ ದಿಲ್ಲಿಗೆ ಹೋಗುತ್ತೆ. ಆರು ತಿಂಗಳಿಗೋ ವರ್ಷಕ್ಕೋ ಇನ್ನೊಂದು ತಂಡ ಬಂದು, ಕಲೆ ಇದ್ದೋರ ಕೈ ಮತ್ತೆ ಪರೀಕ್ಷೆ ಮಾಡಿ, ಸೂಜಿ ಹಿಡಿಯಿತೋ ಇಲ್ಲವೋ ಅಂತ ದಿಲ್ಲಿಗೆ ಬರೆಯುತ್ತೆ. ಅದನ್ನ ನಂಬಿ ಮುಂದಿನದನ್ನ ಯೋಚನೆ ಮಾಡ್ತಾರೆ. ನಾನಿಲ್ಲಿ ಒಂದು ಸುಳ್ಳು ಕಲೆ ಹಾಕಿದರೆ, ಎಲ್ಲೋ ಯಾವುದೋ ಕೂಸಿಗೆ ಅದರ ಪೆಟ್ಟು."

ಬಳ್ಳಾರಿ ಬಿಟ್ಟು ಆಚೆ ನೋಡಿರದ ಹುಡುಗಿ ನಾನು. ನನ್ನ ಮುಂಗೈಯ ಬಾವನ್ನು ಯಾರೋ ದಿಲ್ಲಿಯಲ್ಲಿ ಓದುತ್ತಾರೆ, ಅದರಿಂದ ಕಾಣದ ಊರಿನ ಕೂಸೊಂದಕ್ಕೆ ಏನು ಮಾಡಬೇಕೆಂದು ತಿಳಿಯುತ್ತಾರೆ. ಅಷ್ಟು ದೊಡ್ಡ ಮಾತಿನಲ್ಲಿ ನನಗೂ ಒಂದು ಪಾಲಿದೆ ಎಂದು ಮೊದಲ ಸಲ ಅನಿಸಿತು. ಅಳುವುದನ್ನೇ ಮರೆತೆ.

ಅವ್ವನಿಗೆ ಅಂಥದ್ದೇನೂ ಆಗಲಿಲ್ಲ. ಬಸ್ಸಿನಲ್ಲಿ ಕಿವಿಗೆ ಬಾಯಿ ಹಚ್ಚಿದಳು. "ಊದಿನಕಡ್ಡೀಲೆ ತೋಳಿಗೆ ಒಂದು ಚುಕ್ಕಿ ಬರೆ ಕೊಡ್ತೀನಿ. ಕಲೆ ಕಲೇನ. ಯಾರಿಗೆ ತಿಳೀತೈತಿ?"

"ಬ್ಯಾಡವ್ವ. ನನ್ನ ಕೈ ಅವರು ಬುಕ್ಕಿನ್ಯಾಗ ಬರಕೊಂಡಾರ. ಅದನ್ನ ಸುಳ್ಳು ಮಾಡಾಕ ನಾ ಒಲ್ಲೆ."

"ಲಗ್ನ ಮುರದ್ರ ಆ ಬುಕ್ಕು ಬಂದು ನಿನ್ನ ಸಾಕತೈತೇನಲೇ?"

ನಾನು ಹಟ ಹಿಡಿದೆ. ನಾನೇ ಸಿರುಗುಪ್ಪಕ್ಕೆ ಹೋಗಿ ಹೇಳುತ್ತೇನೆಂದು ಕೂತೆ. ನಾಲ್ಕನೇ ದಿನ ಅವ್ವ ತಾನೇ ಬುತ್ತಿ ಕಟ್ಟಿದಳು.

ನಾವು ಹೋದಾಗ ಆಕೆ ಮನೆಯಲ್ಲಿರಲಿಲ್ಲ. ಆಕೆ ಅಂದರೆ ಗಂಡಿನ ತಾಯಿ, ಮಲ್ಲಮ್ಮ. ಆಕೆ ಬಾ ಅಂದರೆ ಓಣಿಯೇ ಬರುತ್ತಿತ್ತು, ಕೂಡು ಅಂದರೆ ಕೂಡುತ್ತಿತ್ತು. ಜೀಪು ಅಷ್ಟೊತ್ತಿಗೆ ಸಿರುಗುಪ್ಪಕ್ಕೂ ಬಂದಿತ್ತು. ಓಣಿಯ ಹೆಂಗಸರು ಅಂಜುತ್ತಾರೆಂದು ಮಲ್ಲಮ್ಮ ತಾನೇ ಮೊದಲು ಕೈಗೆ ಪರೀಕ್ಷೆಯ ಸೂಜಿ ಚುಚ್ಚಿಸಿಕೊಂಡಿದ್ದಳಂತೆ. ಅಂದು ಅಳೆದು ನೋಡುವ ದಿನ. ಸಾಲೆಯ ಅಂಗಳದಲ್ಲಿ ಸಾಲಿನ ತುದಿಗೆ ಸೆರಗು ಹೊದ್ದು ನಿಂತಿದ್ದಳು. ನಾನು ನೆಟ್ಟಗೆ ಅವಳ ಎದುರಿಗೆ ಹೋದೆ.

"ಅತ್ತಿ, ನನ್ನ ತೋಳಿನ್ಯಾಗ ಕಲೆ ಇಲ್ಲ. ಕೈ ಉಬ್ಬಿತ್ತು, ಅದಕ್ಕ ಹಾಕಲಿಲ್ಲ. ರೋಗ ಇಲ್ಲ ಅಂತ ಡಾಕ್ಟರಮ್ಮಾರು ಹೇಳ್ಯಾರ. ಮುಂದಿಂದು ನಿಮಗ ಬಿಟ್ಟದ್ದು."

ಆಕೆ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದಳು. ಅಷ್ಟರಲ್ಲಿ ಡಾಕ್ಟರಮ್ಮ ಕರೆದರು. ಮಲ್ಲಮ್ಮ ಸೆರಗು ಸರಿಸಿ ಕೈ ಚಾಚಿದಳು. ಬಾರಿಹಣ್ಣಿನಷ್ಟು ದಪ್ಪಗೆ ಕೆಂಪು ಬಾವು. ಪಟ್ಟಿಯಿಟ್ಟು ಅಳೆದು, ಬರೆದುಕೊಂಡು, ಡಾಕ್ಟರಮ್ಮ ಅದೇ ತಣ್ಣನೆಯ ದನಿಯಲ್ಲಿ "ನಿಮಗೆ ಬೇಡಮ್ಮ" ಎಂದರು.

"ನನಗ?" ಮಲ್ಲಮ್ಮ ನಂಬಲಿಲ್ಲ. "ಆರು ಹಡದೀನಿ. ಒಂದು ದಿನ ಹಾಸಿಗಿ ಹಿಡದಾಕಿ ಅಲ್ಲ ನಾನು."

"ಗೊತ್ತಮ್ಮಾ. ಆ ಹುಡುಗಿಗೂ ಅದನ್ನೇ ಹೇಳಿದ್ದು."

ಮಲ್ಲಮ್ಮ ತನ್ನ ಕೈ ನೋಡಿಕೊಂಡಳು, ನನ್ನ ಮುಖ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿ, "ಅಕ್ಕಾರ, ಬಿಸಲಾಗ ಯಾಕ ನಿಂತೀರಿ? ಮನಿಗೆ ನಡೀರಿ. ಲಗ್ನದ ಸೀರಿ ಇನ್ನೂ ಆರಿಸೋದೈತಿ" ಎಂದಳು. ಅವ್ವ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು.

ಆ ಓಣಿಯನ್ನೇ ಕುಣಿಸುವ ಹೆಂಗಸಿಗೂ ಅದೇ ಪಟ್ಟಿ, ಅದೇ ಅಳತೆ, ಅದೇ ಮಾತು. ಮುಖ ನೋಡಿ ಮಣೆ ಹಾಕುವ ಊರಿನಲ್ಲಿ ಬೆಳೆದ ನನಗೆ ಅದು ದೊಡ್ಡ ಬೆರಗು.

ಎರಡು ವರ್ಷಕ್ಕೆ ನನ್ನ ಮಗಳು ಹುಟ್ಟಿ ತಿರುಗಾಡುವಂತಾದಾಗ ಜೀಪು ಮತ್ತೆ ಬಂತು. ಕೂಸನ್ನು ಸೊಂಟಕ್ಕಿಟ್ಟು ಸಾಲಿನಲ್ಲಿ ನಿಂತವರು ಅತ್ತೆಯೇ. ಮೂರನೇ ದಿನ ಅದರ ಕೈ ನುಣ್ಣಗಿತ್ತು. ತೋಳಿಗೆ ಸೂಜಿ ಬಿತ್ತು. ಅಳುವ ಕೂಸನ್ನು ಅವುಚಿಕೊಂಡು, ಅಕ್ಷರ ಬಾರದ ನನ್ನ ಅತ್ತೆ ಅಂದರು:

"ನಮ್ಮಿಬ್ಬರ ಮೈಯಾಗ ಹೊಕ್ಕದ್ದು ಇದರ ಮೈಯಾಗ ಇನ್ನೂ ಹೊಕ್ಕಿಲ್ಲಲೇ ಪಾರವ್ವ. ಅದು ಬರೂಕಿಂತ ಮೊದಲಽ ಕಾವಲು ಇಟ್ಟಾರ."

ಎಲ್ಲೋ ದೂರದಲ್ಲಿ ತಿಳಿದವರು ಕೂತು ಮಾಡಿದ ಕಟ್ಟಳೆ ನಮ್ಮ ಮನೆಯ ಮುದುಕಿಯ ಬಾಯಲ್ಲಿ ಇಷ್ಟು ಸರಳವಾಗಿ ಬಂದದ್ದನ್ನು ನೆನೆದರೆ, ಇವತ್ತಿಗೂ ನನಗೆ ಕಣ್ಣು ತುಂಬುತ್ತದೆ.