ಹೊಗೆಗೂಡಿಗೆ ಹಾಕಿದ ಮುಚ್ಚಳ

ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ನಮ್ಮ ಈ ಕೊಲ್ಲಿಯ ಸುತ್ತ ಕಟ್ಟಿದ ಮನೆಗಳೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಬಿಳಿ ಗಾರೆಯ ದಪ್ಪ ಗೋಡೆ, ಕೆಂಪು ಹೆಂಚು, ಕಮಾನಿನ ಬಾಗಿಲು. ಕಡಲಾಚೆಯ ನಮ್ಮ ಊರಿನಿಂದ ಯಾರೇ ಬರಲಿ, ಇಲ್ಲಿನ ಪ್ರಸಿದ್ಧ ಸೇತುವೆ ತೋರಿಸುವ ಮೊದಲು ಅವರನ್ನು ಇಂಥ ನಾಲ್ಕು ಬೀದಿ ಸುತ್ತಿಸಿ ಸುಸ್ತು ಮಾಡುತ್ತಿದ್ದೆ. ಹಾಗಾಗಿ ದೊಡ್ಡಮ್ಮನ ಮಗಳು, ನಮ್ಮ ಅಕ್ಕ, ಪಕ್ಕದ ಊರು ಲಾಸ್ ಆಲ್ಟೋಸ್‌ನಲ್ಲಿ ಅಂಥದ್ದೊಂದು ಮನೆ ಕೊಳ್ಳಲೋ ಬೇಡವೋ ಎಂದು ಕೇಳಿದಾಗ, ಯೋಚಿಸಬೇಡ ತೊಗೊಂಡುಬಿಡು ಎಂದವನು ನಾನೇ.

ಕೊಂಡ ಮೇಲೆ ಅಟ್ಟದಲ್ಲಿ ಆ ಮನೆಯ ಮೂಲ ನಕ್ಷೆ ಸಿಕ್ಕಿತು. ನೀಲಿ ಹಾಳೆ, ಬಿಳಿ ಗೆರೆ. ಬರೆದ ವಾಸ್ತುಶಿಲ್ಪಿ ದೊಡ್ಡ ಹೆಸರು ಮಾಡಿದವನಲ್ಲ, ಆದರೆ ಬಾಗಿಲ ಹಿಡಿಯನ್ನೂ ಬಿಡದೆ ಬರೆದಿದ್ದ. ಅಕ್ಕ ಅದನ್ನು ನನಗೆ ಕೊಟ್ಟಳು. ಫ್ರೇಮು ಹಾಕಿಸಿ ನನ್ನ ಗೋಡೆಗೆ ತೂಗುಹಾಕಿದೆ.

ಅಕ್ಕನ ಜೊತೆಗಿದ್ದ ದೊಡ್ಡಮ್ಮ ಧಾರವಾಡದವಳು. ನಾನು ಇಲ್ಲಿಯೇ ಹುಟ್ಟಿದವನು; ನನ್ನ ಬಾಯಲ್ಲಿರುವ ಕನ್ನಡವೆಲ್ಲ ಅವಳು ಎದುರು ಕೂರಿಸಿಕೊಂಡು ಕಲಿಸಿದ್ದು. ಆ ಮನೆಯ ಹಾಲ್‌ನಲ್ಲಿ ಚಳಿಗೆ ಸೌದೆ ಉರಿಸುವ ಬೆಂಕಿಗೂಡು ಇತ್ತು, ಸುತ್ತಲೂ ಬಣ್ಣದ ಬಿಲ್ಲೆ ಹಚ್ಚಿದ ಪುಟ್ಟ ಕಮಾನು, ಅದನ್ನು ನೋಡಿದವಳೇ ಹೇಳಿದಳು: “ಪೂರ್ವಕ್ಕ ಮುಖ ಮಾಡ್ಯದ. ಆ ಪುಣ್ಯಾತ್ಮ ನಮ್ಮ ದೇವರಿಗಂತನ ಕಟ್ಯಾನ ನೋಡು.” ಇಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ ದೇವರು ಕೂತಿರುವುದು ಬೆಂಕಿಗೂಡಿನಲ್ಲೇ. ಬೂದಿ ತೊಳೆದು, ಮಣೆ ಇಟ್ಟು, ದೀಪ ಹಚ್ಚಿದೆವು.

ಒಂದೇ ತೊಂದರೆ. ಗಾಳಿ ಎದ್ದಾಗ ಮೇಲಿನ ಹೊಗೆಗೂಡಿನಿಂದ ಮಸಿ ಉದುರುತ್ತಿತ್ತು. ಒಮ್ಮೆ ಮಳೆ ನೀರು ಇಳಿದು ವೆಂಕಟರಮಣನ ಪಟವೇ ಒದ್ದೆಯಾಯಿತು. ದೊಡ್ಡಮ್ಮ ಊಟ ಬಿಟ್ಟು ಕೂತಳು. ನಾನು ಏಣಿ ಹಾಕಿ ಹೆಂಚಿನ ಮಾಡು ಹತ್ತಿ, ಹೊಗೆಗೂಡಿನ ತಲೆಯ ಮೇಲೆ ಕಲ್ಲುಚಪ್ಪಡಿ ಇಟ್ಟು ಸಿಮೆಂಟು ಮೆತ್ತಿ ಬಂದೆ. ಅವಳು ಕೈಯಾರೆ ಹೋಳಿಗೆ ಬಡಿಸಿದಳು.

ಡಿಸೆಂಬರಿನಲ್ಲಿ ಮೊದಲ ಚಳಿ ಬಿತ್ತು. ಅಕ್ಕ, ಭಾವ ನೆಲಮಾಳಿಗೆಯ ಗ್ಯಾಸ್ ಹೀಟರು ಹಾಕಿ ಆಫೀಸಿಗೆ ಹೋಗಿದ್ದರು. ಮಧ್ಯಾಹ್ನ ದೊಡ್ಡಮ್ಮ ಫೋನು ಎತ್ತುತ್ತಿಲ್ಲವೆಂದು ಅಕ್ಕ ನನಗೆ ಹೇಳಿದಳು; ನನ್ನ ಆಫೀಸು ಹತ್ತಿರ, ಕೀಲಿಯೂ ಇತ್ತು. ಹೋಗಿ ನೋಡಿದರೆ ದೊಡ್ಡಮ್ಮ ದೇವರ ಮುಂದೆ ಪಕ್ಕಕ್ಕೆ ವಾಲಿದ್ದಳು. ಎತ್ತಿ ಅಂಗಳಕ್ಕೆ ತರುವಷ್ಟರಲ್ಲಿ ನನ್ನ ತಲೆಯೂ ಸಿಡಿಯುತ್ತಿತ್ತು. ಹೀಟರಿನ ವಿಷಗಾಳಿ ಮುಚ್ಚಿದ ಹೊಗೆಗೂಡಿನಿಂದ ಹೊರಗೆ ಹೋಗಲಾರದೆ ಮನೆಯೊಳಗೇ ತುಂಬಿದೆ ಎಂದರು ಅಗ್ನಿಶಾಮಕದವರು. ಹೊಗೆ, ವಿಷಗಾಳಿ ಎರಡನ್ನೂ ಹಿಡಿದು ಕೂಗಬೇಕಾದ ಅಲಾರಮ್ಮು, ಪ್ರತಿ ಒಗ್ಗರಣೆಗೂ ಕಿರುಚುತ್ತದೆಂದು ಬ್ಯಾಟರಿ ತೆಗೆಸಿಕೊಂಡು ಡ್ರಾಯರಿನಲ್ಲಿ ಮಲಗಿತ್ತು. ಮೂರನೆಯ ದಿನ ದೊಡ್ಡಮ್ಮ ಹೋದಳು.

ಕ್ರಿಯೆ ಮುಗಿಯುವ ಹೊತ್ತಿಗೆ ಎಲ್ಲರೂ ಸೇರಿ ತಪ್ಪನ್ನು ಆ ವಾಸ್ತುಶಿಲ್ಪಿಯ ಮೇಲೆ ಹೊರಿಸಿದ್ದರು. ಬೆಂಕಿಗೂಡು, ಹೀಟರು ಎರಡಕ್ಕೂ ಒಂದೇ ಹೊಗೆಗೂಡು ಕಟ್ಟುವವನು ಎಂಥ ಮೂರ್ಖ ಎಂದರು. ಮನೆ ಕೆಡವಿಸುತ್ತೇನೆ ಎಂದರು ಭಾವ. ಚಪ್ಪಡಿ ಇಟ್ಟವನು ನಾನೆಂದು ಅವರಿಗೆ ಗೊತ್ತಿತ್ತು. ಪಾಪ, ನಿನಗೇನು ಗೊತ್ತಿತ್ತು ಎಂದು ನನಗೇ ಸಮಾಧಾನ ಹೇಳಿದರು. ನಾನು ತಲೆಯಾಡಿಸಿದೆ. ಹದಿಮೂರು ದಿನ ಹಾಗೆಯೇ ತಲೆಯಾಡಿಸಿದೆ.

ಕೆಡವುವ ಅರ್ಜಿಗೆ ಸಹಿ ಹಾಕುವ ಬೆಳಿಗ್ಗೆ ನಕ್ಷೆಯನ್ನು ಗೋಡೆಯಿಂದಿಳಿಸಿ ಕಾರಿನಲ್ಲಿಟ್ಟುಕೊಂಡು ಹೋದೆ. ಅಕ್ಕನ ಅಡಿಗೆಮನೆಯ ಮೇಜಿನ ಮೇಲಿಟ್ಟು ಒಂದು ಮೂಲೆ ತೋರಿಸಿದೆ. ಒಂದೇ ಇಟ್ಟಿಗೆಗೂಡು, ಒಳಗೆ ಹೊಗೆಗೆ ಬೇರೆ ಬೇರೆ ಎರಡು ದಾರಿ, ಒಂದು ಬೆಂಕಿಗೂಡಿನದು, ಒಂದು ನೆಲಮಾಳಿಗೆಯಲ್ಲಿ ಮನೆ ಬಿಸಿಮಾಡುವ ಕುಲುಮೆಯದು. ಪಕ್ಕದಲ್ಲಿ ವಾಸ್ತುಶಿಲ್ಪಿಯ ಅಚ್ಚುಕಟ್ಟಾದ ಅಕ್ಷರ: ಎರಡನ್ನೂ ತೆರೆದಿಡಿ.

ಅಕ್ಕ ಬಹಳ ಹೊತ್ತು ಓದಿದಳು.

“ಮಾಡು ಹತ್ತೂ ಮೊದಲ ಇದನ್ನ ಓದಿದ್ದೇನು?”

“ಓದಿದ್ದೆ ಅಕ್ಕ. ಅದು ಹಳೇ ಕುಲುಮಿ ಮಾತು, ಈಗಿನ ಹೀಟರಿನ ಹೊಗಿ ಬ್ಯಾರೆ ಕಡೆ ಹೋಗ್ತದ ಅಂದ್ಕೊಂಡೆ. ಕೆಳಗ ಇಳದು ನೋಡಲಿಲ್ಲ.”

ಅವಳು ಅರ್ಜಿಯನ್ನು ಮಡಚಿ ಭಾವನ ಕೈಗೆ ಕೊಟ್ಟಳು.

“ಮನಿ ಕೆಡವೂದು ಬ್ಯಾಡ. ಅಂವ ಸರಿಯಾಗೇ ಬರದಾನ,” ಎಂದಳು. ಆಮೇಲೆ ನನ್ನ ಕಡೆ ನೋಡದೆ, “ನೀ ಇನ್ನ ಇಲ್ಲಿಗೆ ಬರಬ್ಯಾಡಪ್ಪಾ,” ಎಂದಳು.

ನಾನು ಜೇಬಿನಿಂದ ಅವರ ಮನೆಯ ಕೀಲಿ ತೆಗೆದು ನಕ್ಷೆಯ ಮೇಲಿಟ್ಟೆ.